ಕೂಡಿಕೊಂಡ ಪಾಚಿ, ಕಣ್ಣು ಕಳೆದುಕೊಂಡ ಮೀನು

ಮಳೆಗಾಲ ಮುಗಿದು ಬಿಸಿಲು ಹದವಾಗಿ ಕಾಯತೊಡಗಿದಾಗ ಕೆರೆಕುಂಟೆಗಳ ಅಂಚಿನ ನೀರು ಹಸಿರಿಗೆ ತಿರುಗುತ್ತದೆ. ದೊಡ್ಡವರು ‘ಪಾಚಿ ಕಟ್ಟಿದೆ’ ಎಂದು ಮೂಗು ಮುರಿದು ದಾಟಿಹೋಗುತ್ತಾರೆ. ನಾವು ದಾಟಿಹೋಗುವುದು ಬೇಡ. ಆ ನೀರನ್ನು ಒಂದು ಗಾಜಿನ ಲೋಟಕ್ಕೆ ತುಂಬಿಕೊಂಡು, ಅದರಲ್ಲಿ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡೋಣ.

ಅದೃಷ್ಟವಿದ್ದರೆ ಹಸಿರು ಚುಕ್ಕೆಯೊಂದು ಸರ್ರನೆ ಈಜಿ ಹೋಗುವುದು ಕಾಣುತ್ತದೆ. ಅದರ ಹೆಸರು ಕ್ಲಾಮಿಡೊಮೊನಾಸ್. ಹೆಸರು ಉದ್ದ, ದೇಹ ಮಾತ್ರ ಒಂದೇ ಒಂದು ಜೀವಕೋಶ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ. ಮುಂದುಗಡೆ ಎರಡು ಸಣ್ಣ ಎಳೆಗಳಿವೆ, ನಿಮ್ಮ ಪುಸ್ತಕದಲ್ಲಿ ಅವನ್ನು ಕಶಾಂಗ ಎಂದು ಕರೆದಿರುತ್ತಾರೆ. ಅವನ್ನು ಬೀಸಿ ಬೀಸಿ ಅದು ಈಜುತ್ತದೆ. ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಬೆಳಕು ಎತ್ತ ಕಡೆಯಿಂದ ಬರುತ್ತಿದೆ ಎಂದು ಗೊತ್ತುಮಾಡಿಕೊಳ್ಳಲು ಅದು ಸಾಕು. ಊಟ, ಓಟ, ನೋಟ, ಸಂತಾನ, ಎಲ್ಲ ಕೆಲಸವೂ ಒಂದೇ ಕೋಶದ ತಲೆಯ ಮೇಲೆ.

ಇನ್ನೊಂದು ಹನಿಯಲ್ಲಿ ಅಂಥವೇ ಎಂಟೋ ಹದಿನಾರೋ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆ ಬಿಲ್ಲೆಯಾಗಿ ಈಜುತ್ತಿರಬಹುದು. ಅದು ಗೋನಿಯಮ್. ಮೂವತ್ತೆರಡು ಕೋಶಗಳು ಸೇರಿ ಪುಟ್ಟ ಗೋಲವಾಗಿದ್ದರೆ ಅದು ಯುಡೊರಿನಾ. ಕೊನೆಗೆ ಇವರೆಲ್ಲರ ದೊಡ್ಡಣ್ಣ ವಾಲ್ವಾಕ್ಸ್. ಅದನ್ನು ನೋಡಲು ಸೂಕ್ಷ್ಮದರ್ಶಕವೂ ಬೇಕಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಗಸಗಸೆಗಿಂತ ಸಣ್ಣ ಹಸಿರು ಚೆಂಡುಗಳು ಉರುಳುರುಳಿ ಸಾಗುವುದು ಬರಿಗಣ್ಣಿಗೇ ಕಾಣುತ್ತದೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದಲ್ಲಿ ಇದನ್ನು ನೋಡಿ, 1700ರಲ್ಲೇ ಬರೆದಿಟ್ಟಿದ್ದಾನೆ.

ವಾಲ್ವಾಕ್ಸ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ವಿಜ್ಞಾನಿಗಳು ಹೆಚ್ಚಾಗಿ ಸಾಕುವ ವಾಲ್ವಾಕ್ಸ್ ಕಾರ್ಟೆರಿ ಎಂಬ ಬಗೆಯಲ್ಲಿ ಚೆಂಡಿನ ಹೊರಮೈ ತುಂಬ ಸುಮಾರು 2,000 ಸಣ್ಣ ಕೋಶಗಳಿವೆ. ಒಂದೊಂದಕ್ಕೂ ಎರಡೆರಡು ಕಶಾಂಗ. ಅವುಗಳ ಕೆಲಸ ಈಜುವುದು, ಚೆಂಡನ್ನು ಬೆಳಕಿನ ಕಡೆಗೆ ಒಯ್ಯುವುದು. ಅವಕ್ಕೆ ಮಕ್ಕಳಾಗುವುದಿಲ್ಲ. ಒಳಗಡೆ ಹದಿನಾರು ದಪ್ಪ ಕೋಶಗಳಿವೆ. ಅವು ಈಜುವುದಿಲ್ಲ; ಅವುಗಳ ಕೆಲಸ ಒಡೆದೊಡೆದು ಮರಿಚೆಂಡುಗಳಾಗುವುದು. ಮರಿಗಳು ಬೆಳೆದು ತಾಯಿಯ ಗೋಡೆ ಬಿರಿದು ಹೊರಬರುತ್ತವೆ. ಇಷ್ಟು ದಿನ ಈಜಿ ಈಜಿ ಸಾಕಿದ ಆ ಎರಡು ಸಾವಿರ ಕೋಶಗಳು ಅಲ್ಲಿಗೆ ಬಾಡಿ ಸಾಯುತ್ತವೆ.

ಇಲ್ಲೊಂದು ವಿಷಯ ಗಮನಿಸಿ. ಒಂಟಿ ಕ್ಲಾಮಿಡೊಮೊನಾಸ್ ಹೀಗೆ ಮುದಿಯಾಗಿ ಸಾಯುವುದಿಲ್ಲ. ಯಾರಾದರೂ ತಿನ್ನಬಹುದು, ನೀರು ಬತ್ತಬಹುದು, ಅದು ಬೇರೆ. ಹಾಗೇನೂ ಆಗದಿದ್ದರೆ ಅದು ಒಡೆದು ತಾನೇ ತನ್ನ ಮಕ್ಕಳಾಗಿಬಿಡುತ್ತದೆ, ಹಿಂದೆ ಹೆಣವೇ ಉಳಿಯುವುದಿಲ್ಲ. ದುಡಿಯುವ ಮೈ ಒಂದು ಕಡೆ, ಸಂತಾನ ಇನ್ನೊಂದು ಕಡೆ ಎಂದು ಪಾಲು ಮಾಡಿಕೊಂಡ ವಾಲ್ವಾಕ್ಸ್‌ಗೆ ಮುಪ್ಪೂ ಸಾವೂ ಪಾಲಿನ ಜೊತೆಗೇ ಬಂದವು. ಜಟಿಲವಾಗುವುದು ಪುಕ್ಕಟೆ ವ್ಯವಹಾರವಲ್ಲ.

ಪಾಲು ಯಾಕೆ ಬೇಕಾಯಿತು? ಕ್ಲಾಮಿಡೊಮೊನಾಸ್ ಒಡೆಯುವಾಗ ಈಜಲಾರದು. ಕಶಾಂಗದ ಬುಡದಲ್ಲಿರುವ ಭಾಗವೇ ಕೋಶ ಒಡೆಯುವ ಕೆಲಸಕ್ಕೂ ಬೇಕು. ಒಂದೇ ಸಲಕ್ಕೆ ಎರಡೂ ಆಗದು. ಹಾಗಾಗಿ ಅದು ಕಶಾಂಗವನ್ನು ಒಳಕ್ಕೆಳೆದುಕೊಂಡು ಸುಮ್ಮನಾಗುತ್ತದೆ. ಒಂಟಿ ಕೋಶಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಸಾವಿರಾರು ಕೋಶಗಳ ಚೆಂಡಿನಲ್ಲಿ ಎಲ್ಲರೂ ಒಟ್ಟಿಗೆ ಈಜು ನಿಲ್ಲಿಸಿದರೆ ಚೆಂಡು ತಳ ಕಾಣುತ್ತದೆ, ಕೆಳಗೆ ಬೆಳಕಿಲ್ಲ. ಕೆಲವರು ಈಜುತ್ತಲೇ ಇರಬೇಕು, ಕೆಲವರು ಸಂತಾನ ನೋಡಿಕೊಳ್ಳಬೇಕು.

ಈ ಬರಹದಲ್ಲಿ ‘ಜಟಿಲ’ ಎಂದಾಗಲೆಲ್ಲ ನನ್ನ ಮನಸ್ಸಿನಲ್ಲಿರುವುದು ಇದೇ: ಬೇರೆ ಬೇರೆ ಬಗೆಯ ಭಾಗಗಳು, ಅವಕ್ಕೆ ಬೇರೆ ಬೇರೆ ಕೆಲಸ. ವಾಲ್ವಾಕ್ಸ್‌ನಲ್ಲಿ ಎರಡು ಬಗೆಯ ಕೋಶ. ನಿಮ್ಮ ಮೈಯಲ್ಲಿ ಕಡಿಮೆಯೆಂದರೂ ಇನ್ನೂರು ಬಗೆ.

ಈಗ ಆ ನಾಲ್ಕು ಪಾಚಿಗಳ ಚಿತ್ರ ಬರೆದು ಸಾಲಾಗಿ ಅಂಟಿಸಿದರೆ ಒಂದು ಏಣಿ ಸಿದ್ಧವಾಗುತ್ತದೆ. ಕೆಳಗೆ ಒಂದು ಕೋಶ, ಮೇಲೆ ಎರಡು ಸಾವಿರ. ಏಣಿ ಕಟ್ಟುವ ಚಟ ಮನುಷ್ಯರಿಗೆ ಹಳೆಯದು. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಜೀವಿಗಳನ್ನು ಕೀಳಿನಿಂದ ಮೇಲಕ್ಕೆ ಸಾಲು ಹಚ್ಚಿದ್ದ. ಬಗ್ಗಿದ ಕಪಿಯಿಂದ ಹಿಡಿದು ನೆಟ್ಟಗೆ ನಡೆಯುವ ಮನುಷ್ಯನವರೆಗೆ ಸಾಲಾಗಿ ಹೊರಟ ಚಿತ್ರವನ್ನು ನೀವೂ ನೋಡಿರುತ್ತೀರಿ. 1965ರಲ್ಲಿ ಅಮೆರಿಕದ ಒಂದು ಪುಸ್ತಕಕ್ಕಾಗಿ ರುಡಾಲ್ಫ್ ಜಾಲಿಂಗರ್ ಎಂಬ ಕಲಾವಿದರು ಬರೆದ ಅಂಥ ಚಿತ್ರದ ನಕಲುಗಳು ಈಗ ಟೀ ಶರ್ಟುಗಳ ಮೇಲೂ ಓಡಾಡುತ್ತಿವೆ. ಚಿತ್ರ ಚೆನ್ನಾಗಿದೆ. ಆದರೆ ಅದು ತಲೆಯಲ್ಲಿ ಕೂರಿಸುವ ಅಭಿಪ್ರಾಯ ಸರಿಯಲ್ಲ.

ನಮ್ಮ ಪಾಚಿಗಳನ್ನೇ ನೋಡಿ. ನಾಲ್ಕೂ ಇವತ್ತಿನ ನೀರಿನಲ್ಲೇ ಇವೆ. ವಾಲ್ವಾಕ್ಸ್ ‘ಮೇಲೆ’ ಹೋಯಿತೆಂದು ಕ್ಲಾಮಿಡೊಮೊನಾಸ್ ಅಳಿದುಹೋಗಲಿಲ್ಲ, ಪೆಚ್ಚಾಗಿ ಕೂರಲೂ ಇಲ್ಲ. ಗೋನಿಯಮ್ ಎಂಬುದು ವಾಲ್ವಾಕ್ಸ್‌ನ ಅಜ್ಜನೂ ಅಲ್ಲ, ಅವು ದಾಯಾದಿಗಳು. ಬಹಳ ಹಿಂದಿನ ಒಂದೇ ಮನೆತನದಿಂದ ಬೇರೆಯಾಗಿ, ತಮ್ಮ ತಮ್ಮ ದಾರಿ ಹಿಡಿದವು. ವಾಲ್ವಾಕ್ಸ್ ಎಂಬ ಹೆಸರು ಹೊತ್ತ ಚೆಂಡುಗಳೆಲ್ಲ ಒಂದೇ ಕವಲಿನವೂ ಅಲ್ಲ. ಆ ದೊಡ್ಡ ಚೆಂಡಿನ ರೂಪ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಬಂದಿದೆ. 1837ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡದ್ದೂ ಏಣಿಯನ್ನಲ್ಲ, ಕವಲೊಡೆದ ಗಿಡವನ್ನು.

ಒಂದು ಕೋಶದ ಜೀವಿಗಿಂತ ಎರಡು ಸಾವಿರ ಕೋಶಗಳ ಜೀವಿಯನ್ನು ಕಟ್ಟಲು ಎಷ್ಟು ಹೆಚ್ಚು ವಂಶವಾಹಿಗಳು ಬೇಕಾಗಬಹುದು? ವಂಶವಾಹಿ ಎಂದರೆ ಡಿಎನ್‌ಎಯಲ್ಲಿರುವ ಒಂದೊಂದು ಸೂಚನೆ. ಎರಡು ಪಟ್ಟು? ಹತ್ತು ಪಟ್ಟು? 2010ರಲ್ಲಿ ವಾಲ್ವಾಕ್ಸ್‌ನ ಡಿಎನ್‌ಎಯನ್ನು ಪೂರ್ತಿ ಓದಿ ಕ್ಲಾಮಿಡೊಮೊನಾಸ್‌ನ ಪಕ್ಕದಲ್ಲಿಟ್ಟು ನೋಡಿದರು. ಅದರಲ್ಲೂ ಸುಮಾರು 14,500, ಇದರಲ್ಲೂ ಸುಮಾರು 14,500. ಹೆಚ್ಚುಕಡಿಮೆ ಸರಿಸಮ!

ಹೊಸ ಸಾಮಾನು ತರಿಸದೆ ಹೊಸ ಮನೆ ಕಟ್ಟಿದ್ದು ಹೇಗೆ? ಹಳೆಯ ಸಾಮಾನನ್ನೇ ಬೇರೆ ಕೆಲಸಕ್ಕೆ ಹಚ್ಚಿ. ವಾಲ್ವಾಕ್ಸ್‌ನಲ್ಲಿ ರೆಗ್-ಎ ಎಂಬ ವಂಶವಾಹಿಯಿದೆ. ಹೊರಮೈಯ ಸಣ್ಣ ಕೋಶಗಳಿಗೆ ‘ನೀವು ಮಕ್ಕಳು ಮಾಡುವಂತಿಲ್ಲ, ಈಜುತ್ತಿರಿ’ ಎಂದು ತಡೆಯುವುದು ಅದೇ. ಅದು ಕೆಟ್ಟರೆ ಈಜುವ ಕೋಶಗಳೂ ಈಜು ಬಿಟ್ಟು ಸಂತಾನಕ್ಕೆ ತೊಡಗುತ್ತವೆ, ಚೆಂಡಿನ ಸಂಸಾರ ದಿಕ್ಕೆಡುತ್ತದೆ. ಇದರ ಹತ್ತಿರದ ನೆಂಟನೊಂದು ಒಂಟಿ ಕ್ಲಾಮಿಡೊಮೊನಾಸ್‌ನಲ್ಲೂ ಇದೆ. ಬೆಳಕು ಕಡಿಮೆಯಾಗಿ ಆಹಾರಕ್ಕೆ ತತ್ವಾರವಾದಾಗ ಅದು ಎಚ್ಚರಗೊಳ್ಳುತ್ತದೆ. ಕಷ್ಟಕಾಲದಲ್ಲಿ ‘ಸದ್ಯಕ್ಕೆ ಸಂತಾನ ಬೇಡ’ ಎನ್ನುತ್ತಿದ್ದ ಸೂಚನೆಯನ್ನು ಚೆಂಡಿನ ಹೊರಮೈಯಲ್ಲಿ ‘ಎಂದಿಗೂ ಬೇಡ’ ಎಂದು ಬಳಸಿಕೊಂಡಂತಾಯಿತು.

ಡಿಎನ್‌ಎಯ ಉದ್ದಕ್ಕೂ ಜಟಿಲತೆಗೂ ನೇರ ಸಂಬಂಧವಿಲ್ಲ ಎನ್ನಲು ಅಡುಗೆಮನೆಯಲ್ಲೇ ಸಾಕ್ಷಿಯಿದೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ‘ಅಕ್ಷರ’. ಈರುಳ್ಳಿಯದರಲ್ಲಿ ಸುಮಾರು 1,600 ಕೋಟಿ. ಅದರಲ್ಲಿ ಬಹುಪಾಲು ಮತ್ತೆ ಮತ್ತೆ ನಕಲಾಗಿ ತುಂಬಿಕೊಂಡ ಸಾಲುಗಳು. ಈರುಳ್ಳಿಯ ವಿಷಯ ಇಷ್ಟಕ್ಕೆ ಸಾಕು.

ಪಾಚಿಗಳು ಕೂಡಿಕೊಂಡದ್ದು ಕೋಟ್ಯಂತರ ವರ್ಷಗಳ ಹಿಂದೆ, ನೋಡಿದವರಿಲ್ಲ. ಆದರೆ ಕೂಡಿಕೊಳ್ಳುವ ಮೊದಲ ಹೆಜ್ಜೆಯನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಿದವರಿದ್ದಾರೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿಲಿಯಂ ರ‍್ಯಾಟ್‌ಕ್ಲಿಫ್, ಮೈಕೇಲ್ ಟ್ರಾವಿಸಾನೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಬಳಸಿದ ಜೀವಿ ಬೇಕರಿಯವರು ಬ್ರೆಡ್ಡಿಗೆ ಹಾಕುವ ಯೀಸ್ಟ್. ಅದೂ ಒಂದೇ ಕೋಶದ ಜೀವಿ. ತಾಯಿಕೋಶದ ಮೈಯಲ್ಲಿ ಮೊಗ್ಗು ಮೂಡಿ, ಬಲಿತು, ಕಳಚಿಕೊಂಡು ಹೋಗುತ್ತದೆ.

ಪ್ರಯೋಗ ನೀವೇ ಮಾಡಬಹುದು ಎನ್ನುವಷ್ಟು ಸುಲಭ. ಹತ್ತು ಗಾಜಿನ ನಳಿಗೆಗಳಲ್ಲಿ ಸಿಹಿ ಸಾರು, ಅದರಲ್ಲಿ ಯೀಸ್ಟ್. ಒಂದು ದಿನ ಅಲುಗಾಡಿಸುತ್ತ ಬೆಳೆಸುವುದು. ಆಮೇಲೆ ಮುಕ್ಕಾಲು ಗಂಟೆ ಅಲುಗಾಡಿಸದೆ ನಿಲ್ಲಿಸುವುದು. ಬೇಗ ಮುಳುಗಿ ತಳ ಸೇರಿದ ಯೀಸ್ಟನ್ನು ಒಂದೆರಡು ಹನಿಯಷ್ಟು ಎತ್ತಿ ಹೊಸ ಸಾರಿಗೆ ಹಾಕುವುದು. ಮೇಲೆ ತೇಲುತ್ತ ಉಳಿದದ್ದನ್ನು ಚೆಲ್ಲುವುದು. ಮರುದಿನ ಮತ್ತೆ ಅದೇ. ದಿನಾ ಅದೇ. ಬೇಗ ಮುಳುಗಿದವರಿಗೆ ಮಾತ್ರ ನಾಳೆಯ ಊಟ, ಇದೊಂದೇ ಕಟ್ಟಳೆ.

ಅರವತ್ತು ದಿನಗಳೊಳಗೆ ಹತ್ತೂ ನಳಿಗೆಗಳಲ್ಲಿ ಒಂಟಿ ಯೀಸ್ಟುಗಳ ಜಾಗವನ್ನು ಗೊಂಚಲುಗಳು ಹಿಡಿದಿದ್ದವು. ಗೊಂಚಲಿಗೆ ತೂಕ ಹೆಚ್ಚು, ಬೇಗ ಮುಳುಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವು ಕವಲು ಕವಲಾಗಿ ಮಂಜಿನ ಹರಳುಗಳ ಆಕಾರದಲ್ಲಿ ಕಂಡದ್ದರಿಂದ ‘ಸ್ನೋಫ್ಲೇಕ್ ಯೀಸ್ಟ್’ ಎಂಬ ಹೆಸರು ಬಿತ್ತು.

ಈ ಗೊಂಚಲು ಎಲ್ಲಿಂದಲೋ ಬಂದ ಕೋಶಗಳು ಸಭೆ ಸೇರಿ ಆದದ್ದಲ್ಲ. ಮೊಗ್ಗುಗಳು ಬಲಿತರೂ ತಾಯಿಯನ್ನು ಬಿಟ್ಟುಹೋಗಲಿಲ್ಲ, ಅಷ್ಟೇ. ಅವಕ್ಕೆ ಹುಟ್ಟಿದ ಮೊಗ್ಗುಗಳೂ ಬಿಡಲಿಲ್ಲ. ಹಾಗಾಗಿ ಒಂದು ಗೊಂಚಲು ಎಂದರೆ ಒಂದೇ ತಾಯಿಯ ಸಂತಾನ. ಬಿಟ್ಟುಹೋಗದಿರಲು ಕಾರಣವೇನೆಂದು ಹುಡುಕಿದಾಗ ಸಿಕ್ಕದ್ದು ನನಗೆ ಈ ಇಡೀ ಕಥೆಯಲ್ಲೇ ಬಹಳ ಇಷ್ಟವಾದ ಸಂಗತಿ. ಮರಿಕೋಶವನ್ನು ಕಳಚಿ ಬಿಡಲು ನೆರವಾಗುವ ಒಂದು ವಂಶವಾಹಿ ಕೆಟ್ಟುಹೋಗಿತ್ತು! ಒಂದು ಕೆಟ್ಟಿತು, ಅದರಿಂದ ಗೊಂಚಲು ಕಟ್ಟಿತು. ಕಟ್ಟುವುದಕ್ಕೆ ಯಾವಾಗಲೂ ಹೊಸದೊಂದು ಸೇರಲೇಬೇಕು ಎಂದೇನಿಲ್ಲ.

ಮುಂದೆ ರ‍್ಯಾಟ್‌ಕ್ಲಿಫ್ ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಸ್ಥೆಗೆ ಹೋದರು. ಅಲ್ಲಿ ಓಜಾನ್ ಬೋಜ್‌ಡಾ ಮತ್ತು ಸಂಗಡಿಗರು ಪ್ರಯೋಗವನ್ನು 600 ದಿನ, ಅಂದರೆ ಯೀಸ್ಟಿನ ಸುಮಾರು 3,000 ತಲೆಮಾರುಗಳವರೆಗೆ ಬೆಳೆಸಿದರು. 2023ರಲ್ಲಿ ಅವರು ವರದಿ ಮಾಡಿದಾಗ ಕೆಲವು ನಳಿಗೆಗಳ ಗೊಂಚಲುಗಳು ಮೊದಲಿಗಿಂತ 20,000 ಪಟ್ಟು ದೊಡ್ಡದಾಗಿ, ಬರಿಗಣ್ಣಿಗೆ ಕಾಣುವಂತಾಗಿದ್ದವು. ಕೋಶಗಳು ಉದ್ದುದ್ದವಾಗಿ, ಕವಲುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದು ಕವಲು ಮುರಿದರೂ ಇಡೀ ಗೊಂಚಲು ಚದುರುವುದಿಲ್ಲ.

‘ಕೆಲವು ನಳಿಗೆಗಳ’ ಎಂದೆ. ಯಾಕೆಂದರೆ ಹಾಗೆ ಬೆಳೆದವು ಆಮ್ಲಜನಕ ಬಳಸದ ಯೀಸ್ಟುಗಳು ಮಾತ್ರ. ಆಮ್ಲಜನಕ ಬಳಸುತ್ತಿದ್ದವು ಅದೇ 600 ದಿನಗಳಾದರೂ ಗಿಡ್ಡಗೇ ಉಳಿದವು. ಗೊಂಚಲು ದಪ್ಪವಾದಷ್ಟೂ ನಡುವಿನ ಕೋಶಗಳಿಗೆ ಆಮ್ಲಜನಕ ತಲುಪದು. ಅದನ್ನು ಒಳಗೆ ಸಾಗಿಸಲು ಅವುಗಳಲ್ಲಿ ರಕ್ತನಾಳವಿಲ್ಲ, ಹೃದಯವಿಲ್ಲ. ಕಟ್ಟಳೆ ಒಂದೇ ಆದರೂ ದೊಡ್ಡದಾಗುವುದು ಯಾರಿಗೆ ಲಾಭ ಎಂಬುದು ಅವರವರ ಬದುಕಿನ ಮೇಲೆ ನಿಂತಿದೆ.

ನಿಜವಾದ ಕೆರೆಯಲ್ಲಿ ಯಾರೂ ನಳಿಗೆ ಹಿಡಿದು ನಿಂತಿರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕೆರೆಯಲ್ಲಿ ತಿನ್ನುವವರಿದ್ದಾರೆ. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮ್ಯಾಥ್ಯೂ ಹೆರಾನ್ ಮತ್ತು ಸಂಗಡಿಗರು ಒಂಟಿ ಕ್ಲಾಮಿಡೊಮೊನಾಸ್‌ಗಳ ಜೊತೆ ಪ್ಯಾರಮೀಸಿಯಮನ್ನು ಬಿಟ್ಟರು. ಅದು ನಿಮ್ಮ ಪಾಠದಲ್ಲಿ ಚಪ್ಪಲಿಯ ಆಕಾರದಲ್ಲಿ ಬರುವ ಅದೇ ಜೀವಿ. ಸಣ್ಣ ಕೋಶಗಳನ್ನು ನುಂಗುತ್ತದೆ. ಐವತ್ತು ವಾರಗಳಲ್ಲಿ ಐದು ಪಾತ್ರೆಗಳ ಪೈಕಿ ಎರಡರಲ್ಲಿ ಕ್ಲಾಮಿಡೊಮೊನಾಸ್‌ಗಳು ಗುಂಪು ಕಟ್ಟಿಕೊಂಡು ಬೆಳೆಯತೊಡಗಿದವು. ಬಾಯಿಗಿಂತ ದೊಡ್ಡ ತುತ್ತನ್ನು ನುಂಗಲಾದೀತೆ? ಉಳಿದ ಮೂರು ಪಾತ್ರೆಗಳಲ್ಲಿ ಗುಂಪು ಮೂಡಲಿಲ್ಲ. ಅದನ್ನೂ ನೆನಪಿಡಿ.

ಇಷ್ಟರವರೆಗೆ ಕೂಡಿಸುವ ಲೆಕ್ಕ. ಇನ್ನು ಕಳೆಯುವ ಲೆಕ್ಕಕ್ಕೆ ಬರೋಣ.

ನಮ್ಮ ಕರಾವಳಿಯವರು ಮುರಕಲ್ಲು ಎನ್ನುವ ಜಂಬಿಟ್ಟಿಗೆ ಕಲ್ಲು ಕೇರಳದ ನೆಲದಡಿಯಲ್ಲೂ ಹಾಸಿದೆ. ತೂತು ತೂತಾದ ಆ ಕಲ್ಲಿನ ಸಂದುಗಳಲ್ಲಿ ನೀರು ಹರಿಯುತ್ತದೆ. ಕೊಡಪಾನ ಇಳಿಸಿ ಬಾವಿಯ ನೀರು ಸೇದುವಾಗ ಅಪರೂಪಕ್ಕೊಮ್ಮೆ ಕಿರುಬೆರಳಿಗಿಂತ ಗಿಡ್ಡದಾದ ಒಂದು ಮೀನು ಮೇಲೆ ಬರುತ್ತದೆ. ಮೈಯಲ್ಲಿ ಬಣ್ಣವಿಲ್ಲದ್ದರಿಂದ ಒಳಗಿನ ರಕ್ತವೇ ಹೊರಗೆ ಕಂಡು ಕೆಂಪಗಿರುತ್ತದೆ. ಮೂತಿಯಲ್ಲಿ ಉದ್ದ ಮೀಸೆ. ಕಣ್ಣಿಲ್ಲ. ಕೋಟ್ಟಯಂನ ಬಾವಿಗಳಲ್ಲಿ ಸಿಕ್ಕ ಈ ಮೀನಿಗೆ 1950ರಲ್ಲಿ ಎ. ಜಿ. ಕೆ. ಮೆನನ್ ಎಂಬ ವಿಜ್ಞಾನಿ ಹೋರಾಗ್ಲಾನಿಸ್ ಕೃಷ್ಣಯಿ ಎಂದು ಹೆಸರಿಟ್ಟರು. ಅದರ ನೆಂಟರಲ್ಲೊಂದು ಹೊಸ ಬಗೆಯನ್ನು 2023ರಲ್ಲಿ ಗುರುತಿಸಿ ಹೋರಾಗ್ಲಾನಿಸ್ ಪಾಪುಲೈ ಎಂದು ಕರೆದರು. ಬಾವಿಯಲ್ಲಿ ಮೀನು ಕಂಡೊಡನೆ ಸುದ್ದಿ ತಲುಪಿಸಿದ ಊರ ಜನರ ಗೌರವಕ್ಕೆ ಆ ಹೆಸರು.

ಈ ಮೀನಿನ ಪೂರ್ವಜರಿಗೆ ಕಣ್ಣಿತ್ತು. ಹಾಗಾದರೆ ಎಲ್ಲಿ ಹೋಯಿತು? ಇದಕ್ಕೆ ಚೆನ್ನಾಗಿ ಉತ್ತರ ಹುಡುಕಿರುವುದು ದೂರದ ಮೆಕ್ಸಿಕೋ ದೇಶದ ಗುಹೆಮೀನುಗಳಲ್ಲಿ. ಅಲ್ಲಿ ಅಸ್ಟಿಯಾನಾಕ್ಸ್ ಎಂಬ ಮೀನಿನ ಒಂದು ಬಳಗ ಹೊಳೆಯಲ್ಲಿದೆ, ಅದಕ್ಕೆ ಒಳ್ಳೆಯ ಕಣ್ಣಿದೆ. ಅದೇ ಜಾತಿಯ ಇನ್ನೂ ಕೆಲವು ಬಳಗಗಳು ಕತ್ತಲ ಗುಹೆಗಳಲ್ಲಿವೆ, ಅವಕ್ಕೆ ಕಣ್ಣಿಲ್ಲ. ಗುಹೆಮೀನಿನ ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವಾಗ ಕಣ್ಣು ಮೂಡಲು ಶುರುವಾಗುತ್ತದೆ! ಸ್ವಲ್ಪ ಬೆಳೆದು, ಅದರ ಮಸೂರದ ಕೋಶಗಳು ಸಾಯತೊಡಗಿ, ಕಣ್ಣು ಕುಗ್ಗಿ, ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. 2000ದಲ್ಲಿ ಯೊಶಿಯುಕಿ ಯಮಾಮೊಟೊ ಮತ್ತು ವಿಲಿಯಂ ಜೆಫ್ರಿ ಹೊಳೆಮೀನಿನ ಮರಿಯಿಂದ ಪುಟಾಣಿ ಮಸೂರವನ್ನು ತೆಗೆದು ಗುಹೆಮೀನಿನ ಮರಿಗೆ ಕೂರಿಸಿದರು. ಆ ಕಡೆ ಕಣ್ಣು ಕುಗ್ಗದೆ ಬೆಳೆಯಿತು. ಕಣ್ಣು ಕಟ್ಟುವ ವಿದ್ಯೆಯೆಲ್ಲ ಮರೆತುಹೋಗಿರಲಿಲ್ಲ, ನಡುವೆ ಎಲ್ಲೋ ಕೊಂಡಿ ಕಳಚಿತ್ತು ಅಷ್ಟೆ.

ಇನ್ನೂ ಸೋಜಿಗದ್ದು 2008ರಲ್ಲಿ ಬಂತು. ರಿಚರ್ಡ್ ಬೊರೋವ್‌ಸ್ಕಿ ಎಂಬ ವಿಜ್ಞಾನಿ ದೂರ ದೂರದ ಎರಡು ಗುಹೆಗಳ ಕುರುಡು ಮೀನುಗಳಿಗೆ ಮರಿ ಮಾಡಿಸಿದರು. ಅಪ್ಪನೂ ಕುರುಡು, ಅಮ್ಮನೂ ಕುರುಡು. ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಾಣಿಸುತ್ತಿತ್ತು! ಒಂದು ಗುಹೆಯಲ್ಲಿ ಕೆಟ್ಟಿದ್ದ ವಂಶವಾಹಿ ಇನ್ನೊಂದು ಗುಹೆಯಲ್ಲಿ ಸರಿಯಾಗಿತ್ತು, ಅಲ್ಲಿ ಕೆಟ್ಟದ್ದು ಇಲ್ಲಿ ಸರಿಯಿತ್ತು. ಇಬ್ಬರಿಂದಲೂ ಒಂದೊಂದು ಪ್ರತಿ ಸಿಕ್ಕಿದ ಮರಿಗೆ ಎರಡೂ ಕೂಡಿಬಂದವು. ಅಂದರೆ ಈ ಗುಹೆಗಳಲ್ಲಿ ಕಣ್ಣು ಬೇರೆ ಬೇರೆಯಾಗಿ, ಬೇರೆ ಬೇರೆ ದಾರಿಯಲ್ಲಿ ಕಳೆದುಹೋಗಿದೆ.

ಕತ್ತಲಲ್ಲಿ ಕಣ್ಣು ಇಲ್ಲದಿದ್ದರೆ ನಷ್ಟವಿಲ್ಲ, ಸರಿ. ಇದ್ದರೇನು ನಷ್ಟ? ಊಟದ ಖರ್ಚು. ಕಣ್ಣು ಮತ್ತು ಕಂಡದ್ದನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಭಾಗ ಬಹಳ ಶಕ್ತಿ ತಿನ್ನುತ್ತವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಅಳೆದರು. ಒಂದು ಗ್ರಾಂ ತೂಕದ ಮರಿಮೀನು ಸುಮ್ಮನೆ ವಿಶ್ರಮಿಸುವಾಗ ಖರ್ಚು ಮಾಡುವ ಶಕ್ತಿಯಲ್ಲಿ ಶೇಕಡ 15ರಷ್ಟು ನೋಟಕ್ಕೇ ಹೋಗುತ್ತದೆ. ಗುಹೆಯಲ್ಲಿ ಬಿಸಿಲಿಲ್ಲ, ಪಾಚಿಯಿಲ್ಲ, ಹೊರಗಿನಿಂದ ಕೊಚ್ಚಿ ಬಂದದ್ದೇ ಊಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆ ಕತ್ತಲಿನಲ್ಲಿ ಕಟ್ಟುನಿಟ್ಟಾಗಿ ನಡೆಯುತ್ತದೆ. ಹಾಗೆಂದು ಗುಹೆಮೀನು ಬರೀ ಕಳೆದುಕೊಂಡಿಲ್ಲ. ಅದರ ಬಾಯಿಯ ಸುತ್ತ ರುಚಿಮೊಗ್ಗುಗಳು ಹೊಳೆಮೀನಿಗಿಂತ ಹೆಚ್ಚು. ನೀರಿನ ಕಂಪನವನ್ನು ಹಿಡಿಯುವ ಅಂಗಗಳೂ ಹೆಚ್ಚು.

ಅದಕ್ಕೇ ಯಾರಾದರೂ ಒಂದು ಜೀವಿಯನ್ನು ‘ಸರಳ’ ಎಂದಾಗ ನಾನು ಯಾವುದರಲ್ಲಿ ಎಂದು ಮರುಪ್ರಶ್ನೆ ಹಾಕುತ್ತೇನೆ. ಬೇಲಿಯ ಮೇಲೆ, ಪೊದೆಗಳ ಮೇಲೆ ಹಳದಿ ದಾರದ ಉಂಡೆ ಚೆಲ್ಲಿದಂತೆ ಹಬ್ಬುವ ಆಕಾಶಬಳ್ಳಿಯನ್ನು ನೀವು ಬಲ್ಲಿರಿ. ಎಲೆ ಇಲ್ಲ, ಇದ್ದರೂ ಕಣ್ಣಿಗೆ ಕಾಣದಷ್ಟು ಚಿಕ್ಕ ಹುರುಪೆ. ಒಮ್ಮೆ ಇನ್ನೊಂದು ಗಿಡವನ್ನು ಹಿಡಿದುಕೊಂಡ ಮೇಲೆ ಬೇರೂ ಇಲ್ಲ. ಆ ಗಿಡದ ಕಾಂಡಕ್ಕೆ ಕೊಳವೆ ಚುಚ್ಚಿ ರಸ ಹೀರುತ್ತದೆ. ಎಲೆ, ಬೇರು ಕಟ್ಟಲು ಬೇಕಾದ ಎಷ್ಟೋ ವಂಶವಾಹಿಗಳು ಅದರ ಡಿಎನ್‌ಎಯಿಂದಲೇ ಕಾಣೆಯಾಗಿವೆ. ಗಿಡಗಳಲ್ಲೇ ಸೋಮಾರಿ ಎಂದು ಬೈಯೋಣವೇ? ತಡೆಯಿರಿ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ಅಲ್ಲಿನ ಒಂದು ಆಕಾಶಬಳ್ಳಿಯ ಮೊಳಕೆಯನ್ನು ಟೊಮೆಟೊ ಗಿಡದ ಹತ್ತಿರ ಇಟ್ಟರು. ಮೊಳಕೆ ಟೊಮೆಟೊ ಕಡೆಗೇ ಬಾಗಿ ಬೆಳೆಯಿತು. ಗಿಡವನ್ನು ತೆಗೆದು ಅದರ ವಾಸನೆಯನ್ನು ಮಾತ್ರ ಹಾಯಿಸಿದರು. ಆಗಲೂ ಅತ್ತಲೇ ಬಾಗಿತು. ಒಂದು ಕಡೆ ಗೋಧಿ, ಒಂದು ಕಡೆ ಟೊಮೆಟೊ ಇಟ್ಟರೆ ಹೆಚ್ಚಿನ ಮೊಳಕೆಗಳು ಟೊಮೆಟೊವನ್ನೇ ಆರಿಸಿಕೊಂಡವು. ಎಲೆಯಿಲ್ಲ, ಬೇರಿಲ್ಲ, ಮೂಗೂ ಇಲ್ಲ. ಆದರೂ ವಾಸನೆ ಹಿಡಿದು ಊಟ ಹುಡುಕುತ್ತದೆ.

ಈಗ ದೊಡ್ಡ ಪ್ರಶ್ನೆ. ತಲೆಮಾರುಗಳುದ್ದಕ್ಕೂ ಜೀವಿಗಳು ಬದಲಾಗುತ್ತ ಹೋಗುವ ವಿಕಾಸ ಕೂಡಿಸಲೂಬಹುದು, ಕಳೆಯಲೂಬಹುದು ಎಂದಾದರೆ, 350 ಕೋಟಿ ವರ್ಷಗಳ ಹಿಂದೆ ಬರೀ ಸೂಕ್ಷ್ಮ ಏಕಕೋಶ ಜೀವಿಗಳಿದ್ದ ಭೂಮಿಯಲ್ಲಿ ಇವತ್ತು ಆನೆ, ಆಲದಮರ, ಜೇನುನೊಣ, ನೀವು, ನಾನು ಇರುವುದು ಹೇಗೆ? ಯಾರೋ ಮೇಲಕ್ಕೆ ತಳ್ಳುತ್ತಿರಲೇಬೇಕಲ್ಲವೇ?

ಅಮೆರಿಕದ ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೂಲ್ಡ್ 1996ರ ತಮ್ಮ ‘ಫುಲ್ ಹೌಸ್’ ಪುಸ್ತಕದಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಅವರು ಕೊಟ್ಟ ಉದಾಹರಣೆ ಗೋಡೆ ಪಕ್ಕ ತೂರಾಡುವ ಕುಡುಕನದು. ಶಾಲೆಯ ಅಂಗಳಕ್ಕೆ ಕುಡುಕ ಬೇಡ, ನಾವು ನಾಣ್ಯ ಹಿಡಿಯೋಣ. ನಿಮ್ಮ ತರಗತಿಯ ನಲವತ್ತು ಮಂದಿ ಶಾಲೆಯ ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಎಲ್ಲರ ಕೈಯಲ್ಲೂ ಒಂದೊಂದು ನಾಣ್ಯ. ಚಿಮ್ಮಿಸಿ. ಹೆಡ್ ಬಿದ್ದರೆ ಒಂದು ಹೆಜ್ಜೆ ಮೈದಾನದ ಕಡೆಗೆ. ಟೇಲ್ ಬಿದ್ದರೆ ಒಂದು ಹೆಜ್ಜೆ ಗೋಡೆಯ ಕಡೆಗೆ. ಗೋಡೆಗೇ ಅಂಟಿದ್ದವರಿಗೆ ಟೇಲ್ ಬಿದ್ದರೆ ಅಲ್ಲೇ ನಿಲ್ಲುವುದು, ಗೋಡೆಯೊಳಗೆ ಹೋಗಲಾಗದಲ್ಲ.

ನೂರು ಸಲ ಚಿಮ್ಮಿಸಿದ ಮೇಲೆ ನೋಡಿ. ಅರ್ಧದಷ್ಟು ಮಕ್ಕಳು ಗೋಡೆಯಿಂದ ಏಳೆಂಟು ಹೆಜ್ಜೆಯೊಳಗೇ ಇರುತ್ತಾರೆ. ಯಾರೋ ಒಬ್ಬಿಬ್ಬರು ಇಪ್ಪತ್ತು ಹೆಜ್ಜೆಯ ಆಸುಪಾಸಿನಲ್ಲಿ ಮೈದಾನದಲ್ಲಿ ನಿಂತಿರುತ್ತಾರೆ. ಅವರನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ, ಅವರ ನಾಣ್ಯವೂ ಬೇರೆಯಲ್ಲ. ಗೋಡೆಯ ಒಂದು ಕಡೆ ಜಾಗವಿಲ್ಲ, ಇನ್ನೊಂದು ಕಡೆ ಬಯಲು. ಆದ್ದರಿಂದ ಚದುರುವುದಿದ್ದರೆ ಬಯಲಿಗೇ ಚದುರಬೇಕು.

ಗೋಡೆ ಎಂದರೆ ಜೀವ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಜಟಿಲತೆ. ಅದಕ್ಕಿಂತ ಸರಳವಾದರೆ ಅದು ಜೀವಿಯೇ ಅಲ್ಲ. ಜೀವ ಹುಟ್ಟಿದ್ದು ಗೋಡೆಯ ಪಕ್ಕದಲ್ಲಿ. ಗೂಲ್ಡ್ ಹೇಳಿದ್ದು ಇಷ್ಟು: ದೂರ ನಿಂತ ಒಬ್ಬಿಬ್ಬರನ್ನು ನೋಡಿ ಇಡೀ ತರಗತಿಯೇ ಮುಂದೆ ಹೊರಟಿದೆ ಎಂದುಕೊಳ್ಳಬೇಡಿ, ಗುಂಪು ಎಲ್ಲಿದೆ ನೋಡಿ. ಗುಂಪು ಈಗಲೂ ಗೋಡೆಯ ಬಳಿಯೇ ಇದೆ, ಅದರ ಹೆಸರು ಬ್ಯಾಕ್ಟೀರಿಯಾ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು ಭೂಮಿಯ ಜೀವಿಗಳಲ್ಲಿರುವ ಇಂಗಾಲವನ್ನೆಲ್ಲ ಅಂದಾಜು ಮಾಡಿದರು. ಇಂಗಾಲದ ಲೆಕ್ಕದಲ್ಲಿ ಗಿಡಮರಗಳೇ ಮುಂದು: ಅವುಗಳದು ಸುಮಾರು 450 ಪಾಲು ಎಂದಿಟ್ಟುಕೊಂಡರೆ ಬ್ಯಾಕ್ಟೀರಿಯಾಗಳದು ಸುಮಾರು 70 ಪಾಲು. ಆದರೆ ತಿಮಿಂಗಿಲದಿಂದ ಸೊಳ್ಳೆಯವರೆಗೆ ಎಲ್ಲ ಪ್ರಾಣಿಗಳೂ ಸೇರಿ ಬರೀ 2.

ಹಾಗಾದರೆ ಎಲ್ಲವೂ ನಾಣ್ಯದ ಆಟವೇ? ಅಲ್ಲ. ಪ್ಯಾರಮೀಸಿಯಮಿನ ಬಾಯಿ ನಾಣ್ಯ ಚಿಮ್ಮಿಸುವುದಿಲ್ಲ, ಗುಹೆಯ ಹಸಿವೂ ಚಿಮ್ಮಿಸುವುದಿಲ್ಲ. ಇಡೀ ಜೀವಲೋಕದ ಜಟಿಲತೆಯಲ್ಲಿ ಎಷ್ಟು ಪಾಲು ಸುಮ್ಮನೆ ಚದುರಿದ್ದು, ಎಷ್ಟು ಪಾಲು ಇಂಥ ಬಾಯಿ, ಹಸಿವುಗಳ ಆಯ್ಕೆ ತಳ್ಳಿದ್ದು ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಆ ವಾದವನ್ನು ನೀವೂ ಮೈದಾನದಲ್ಲೇ ಆಡಿ ನೋಡಬಹುದು.

ಆಟಕ್ಕೆ ಒಂದು ನಿಯಮ ಸೇರಿಸಿ. ಒಬ್ಬರು ಪ್ಯಾರಮೀಸಿಯಮ್ ಆಗಲಿ. ಪ್ರತಿ ಹತ್ತು ಚಿಮ್ಮುಗೆಗೊಮ್ಮೆ ಅವರು ಗೋಡೆಯುದ್ದಕ್ಕೂ ಓಡಿ, ಎರಡು ಹೆಜ್ಜೆಯೊಳಗೆ ಇರುವವರನ್ನೆಲ್ಲ ಮುಟ್ಟಬೇಕು. ಮುಟ್ಟಿಸಿಕೊಂಡವರು ಔಟಾಗಿ ಹೊರಗೆ ಕೂರುವುದಲ್ಲ. ಉಳಿದವರಲ್ಲಿ ಯಾರಾದರೊಬ್ಬರ ಪಕ್ಕಕ್ಕೆ ಹೋಗಿ, ಅವರ ಮರಿಯಾಗಿ ಅಲ್ಲಿಂದಲೇ ಆಟ ಮುಂದುವರಿಸುವುದು. ನೂರು ಚಿಮ್ಮುಗೆಯ ಕೊನೆಗೆ ಗುಂಪು ಗೋಡೆಯಿಂದ ಎಷ್ಟು ಸರಿದಿದೆ ಎಂದು ಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಇನ್ನೊಮ್ಮೆ ಮೊದಲಿನಿಂದ ಆಡಿ, ಈ ಸಲ ಗುಹೆಯ ನಿಯಮ: ಹತ್ತು ಚಿಮ್ಮುಗೆಗೊಮ್ಮೆ, ಹತ್ತು ಹೆಜ್ಜೆಗಿಂತ ದೂರ ಇರುವವರಿಗೆ ಊಟ ಸಾಲದು, ಅವರು ಒಂದು ಸಲ ಹೆಚ್ಚಿಗೆ ಚಿಮ್ಮಿಸಬೇಕು. ಟೇಲ್ ಬಿದ್ದರೆ ಹತ್ತು ಹೆಜ್ಜೆಯೊಳಗೆ ಇರುವ ಯಾರಾದರೊಬ್ಬರ ಪಕ್ಕಕ್ಕೆ ವಾಪಸು. ಬೇರೆ ಬಣ್ಣದಲ್ಲಿ ಗುರುತು ಹಾಕಿ. ಎರಡೂ ನಿಯಮ ಒಟ್ಟಿಗೆ ಹಾಕಿದರೆ ಗುಂಪು ಎಲ್ಲಿ ನಿಲ್ಲುತ್ತದೆಂದು ನಾನು ಹೇಳಿಬಿಟ್ಟರೆ ಆಟ ಕೆಡುತ್ತದೆ. ಒಂದು ಪಿರಿಯಡ್ಡು ಸಾಲದು. ಆಟದ ಪಿರಿಯಡ್ಡನ್ನೂ ವಿಜ್ಞಾನದ ಪಿರಿಯಡ್ಡನ್ನೂ ಕೂಡಿಸಿ ಕೊಡಿ ಎಂದು ನಿಮ್ಮ ಮೇಷ್ಟ್ರನ್ನೋ ಟೀಚರನ್ನೋ ಕೇಳಿಕೊಳ್ಳಿ.